ಸನ್ಮಾನದ ಕಂಬಳಿ

ಕಳೆದ ಮಾಘಮಾಸದ ಒಂದು ಸಾಯಂಕಾಲ ಬಳ್ಳಾರಿ ನಗರದಲ್ಲಿ ನಡೆದ ಸಮಾರಂಭವೊಂದಕ್ಕೆ ನಾನು ಹೋಗಿದ್ದೆನು. ಕುರುಗೋಡಿನ ಸಮೀಪದ ಹಳ್ಳಿಯಿಂದ ಬಂದಿದ್ದ, ವಯಸ್ಸು ಎಪ್ಪತ್ತನ್ನು ಮೀರಿದ್ದ ಕಂಬಳಿ ನೇಕಾರರೊಬ್ಬರನ್ನು ವೇದಿಕೆಯ ಮೇಲೆ ಕೂರಿಸಿ, ಅವರ ಕರಕೌಶಲವನ್ನೂ ಅವರ ವಂಶದಲ್ಲಿ ತಲೆಮಾರುಗಳಿಂದ ಹರಿದುಬಂದ ವಿದ್ಯೆಯನ್ನೂ ಮೂವರು ಭಾಷಣಕಾರರು ಒಬ್ಬರಾದ ಮೇಲೊಬ್ಬರು ಮನಮುಟ್ಟುವಂತೆ ವರ್ಣಿಸಿ, ಕೊನೆಯಲ್ಲಿ ಅವರ ಹೆಗಲಿಗೆ ಶಾಲನ್ನು ಹೊದಿಸಿ, ಕೊರಳಿಗೆ ಹಾರ ಹಾಕಿ, ಕೈಗೆ ಗಾಜಿನ ಸ್ಮರಣಿಕೆಯೊಂದನ್ನಿತ್ತರು. ಕರತಾಡನ ಮುಗಿದು ವೃದ್ಧರು ಕೆಳಗಿಳಿದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಾಗ, ಆ ಶಾಲಿನ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒಂದು ಗಳಿಗೆ ಹೊಸೆದು ನೋಡಿದರು. ಐವತ್ತು ವರ್ಷ ಉಣ್ಣೆಯನ್ನು ಮುಟ್ಟಿದ ಬೆರಳುಗಳಿಗೆ ಅದು ಅಭ್ಯಾಸ. ಬಳಿಕ ಏನನ್ನೂ ಹೇಳದೆ ಅದನ್ನು ಮಡಿಸಿ ಚೀಲದೊಳಗೆ ಇಟ್ಟುಕೊಂಡರು. ಶಾಲು ಯಂತ್ರದಲ್ಲಿ ತಯಾರಾದದ್ದು. ಅದರಲ್ಲಿ ಉಣ್ಣೆಯ ಒಂದು ಎಳೆಯೂ ಇರಲಿಲ್ಲ.

ಸಮಾರಂಭವನ್ನು ಏರ್ಪಡಿಸಿದವರ ಪ್ರೀತಿಯಲ್ಲಿ ಕೊರತೆಯಿತ್ತೆಂದು ನಾನು ಹೇಳಲಾರೆ. ಸ್ವಂತ ಹಣವನ್ನು ವೆಚ್ಚಮಾಡಿ, ಹಳ್ಳಿಗೆ ವಾಹನವನ್ನು ಕಳುಹಿಸಿ, ಆ ವೃದ್ಧರನ್ನು ಗೌರವದಿಂದ ಕರೆತಂದು ಗೌರವದಿಂದ ಮನೆಗೆ ಮುಟ್ಟಿಸಿದವರು ಅವರು. ಆದರೂ ಅಂದು ರಾತ್ರಿ ಮನೆಗೆ ಮರಳುವಾಗ ನನ್ನ ಮನಸ್ಸು ಭಾರವಾಗಿತ್ತು. ಆ ಸಭೆಯಲ್ಲಿ ನೆರೆದಿದ್ದ ಇನ್ನೂರು ಮಂದಿಯಲ್ಲಿ, ನನ್ನನ್ನೂ ಸೇರಿಸಿ, ಆ ಮನುಷ್ಯನಿಂದ ಒಂದು ಕಂಬಳಿಯನ್ನು ಕೊಂಡವರು ಒಬ್ಬರೂ ಇರಲಿಲ್ಲವೆಂಬುದು ನನಗೆ ಆಗ ಹೊಳೆಯಿತು. ಹೊಗಳಿದೆವು, ಹಾರ ಹಾಕಿದೆವು, ಭಾವಚಿತ್ರ ತೆಗೆಸಿಕೊಂಡೆವು. ಆತನು ಮಾಡುವ ವಸ್ತು ನಮಗೆ ಬೇಕು ಎಂಬ ಒಂದು ಮಾತನ್ನು ಮಾತ್ರ ಆಡಲಿಲ್ಲ. ಕುಶಲಕರ್ಮಿಗೆ ಸಲ್ಲತಕ್ಕ ಮೊದಲನೆಯ ಗೌರವ ಆತನ ವಸ್ತುವನ್ನು ನ್ಯಾಯವಾದ ಬೆಲೆಗೆ ಕೊಂಡು ಬಳಸುವುದೇ ಆಗಿದೆ. ಉಳಿದ ಗೌರವಗಳೆಲ್ಲ ಇದರ ತರುವಾಯ ಬರತಕ್ಕವು ಎಂಬುದು ಅಂದಿನಿಂದ ನನ್ನಲ್ಲಿ ದೃಢವಾಗಿರುವ ಅಭಿಪ್ರಾಯ. ಅದನ್ನು ನಮ್ಮ ಜಿಲ್ಲೆಯವರ ಮುಂದೆ ಇಡುವುದಕ್ಕಾಗಿಯೇ ಈ ಲೇಖನ.

ಕೊಳ್ಳಬೇಕೆಂದು ಹೊರಟವನಿಗೂ ದಾರಿ ಸುಲಭವಾಗಿಲ್ಲ. ಪರದೇಶದಲ್ಲಿ ನೆಲೆಸಿರುವ ನನ್ನ ಸೋದರಳಿಯನೊಬ್ಬನು ಬೇಸಗೆಯಲ್ಲಿ ಬಂದಾಗ, ‘ಮಾವಾ, ಬಳ್ಳಾರಿಯದೇ ಆದ ಒಂದು ವಸ್ತುವನ್ನು ತೆಗೆದುಕೊಂಡು ಹೋಗಬೇಕು, ಎಲ್ಲಿ ಸಿಕ್ಕುತ್ತದೆ?’ ಎಂದು ಕೇಳಿದನು. ನಾವಿಬ್ಬರೂ ಒಂದು ಇಡೀ ದಿನ ಬೆಂಗಳೂರು ರಸ್ತೆಯ ಅಂಗಡಿಗಳ ಸಾಲನ್ನೂ ತೇರುಬೀದಿಯನ್ನೂ ಬ್ರೂಸ್‌ಪೇಟೆಯನ್ನೂ ಸುತ್ತಿ, ಇಳಿಹೊತ್ತಿಗೆ ಕೌಲ್‌ಬಜಾರನ್ನು ಸೇರಿದೆವು. ಜಗತ್ತಿನ ಮೂಲೆಮೂಲೆಯ ಸಾಮಾನು ಅಲ್ಲಿತ್ತು. ಬಳ್ಳಾರಿಯ ಕೈಯಿಂದ ಹುಟ್ಟಿ ಬಳ್ಳಾರಿಯಲ್ಲಿಯೇ ರಾಶಿರಾಶಿಯಾಗಿ ಮಾರಾಟಕ್ಕಿದ್ದುದು ಒಂದೇ ಪದಾರ್ಥ: ಜೀನ್ಸ್.

ಜೀನ್ಸನ್ನು ಕರಕುಶಲವೆಂದು ಕರೆಯಲು ಅನೇಕರು ಹಿಂಜರಿಯುತ್ತಾರೆ, ನಾನು ಹಿಂಜರಿಯುವುದಿಲ್ಲ. ದಂಡುಪ್ರದೇಶದ ಬ್ರಿಟಿಷ್ ಸೈನಿಕರ ಸಮವಸ್ತ್ರವನ್ನು ಹೊಲಿಯುತ್ತಿದ್ದ ದರ್ಜಿಗಳ ಮನೆಗಳಲ್ಲಿ ಈ ಉದ್ಯಮದ ಬೇರಿದೆಯೆಂದು ಊರಿನ ಹಿರಿಯರು ಹೇಳುತ್ತಾರೆ. ಬಟ್ಟೆ ದೂರದ ಗಿರಣಿಗಳಿಂದ ಬರುವುದಾದರೂ, ಅದನ್ನು ಕತ್ತರಿಸುವ, ಹೊಲಿಯುವ, ಗುಂಡಿ ಹಾಕುವ, ತೊಳೆದು ಬಣ್ಣವನ್ನು ಹದಕ್ಕೆ ಇಳಿಸುವ ಕೆಲಸಗಳು ಇಲ್ಲಿಯ ಸಣ್ಣ ಕಾರ್ಖಾನೆಗಳಲ್ಲಿಯೂ ಮನೆಗಳ ಪಡಸಾಲೆಗಳಲ್ಲಿಯೂ ನಡೆಯುತ್ತವೆ. ಪೀಸಿನ ಲೆಕ್ಕದ ಕೂಲಿಗೆ ಹೊಲಿಯುವ ಹೆಂಗಸರ ಬೆನ್ನುನೋವಿನ ಮೇಲೆ ಈ ಊರಿನ ವ್ಯಾಪಾರದ ದೊಡ್ಡ ಭಾಗ ನಿಂತಿದೆ. ಅವರ ಹೆಸರು ಯಾವ ಚೀಟಿಯ ಮೇಲೂ ಇರುವುದಿಲ್ಲ. ನನ್ನ ಸೋದರಳಿಯನು ಎರಡು ಜೊತೆ ಕೊಂಡನು, ಸಂತೋಷವಾಗಿಯೇ ಕೊಂಡನು. ಆದರೆ ಅವನು ಹುಡುಕಿಕೊಂಡು ಬಂದದ್ದು ಬೇರೆ.

ಈ ನೆಲಕ್ಕೆ ಮಾಡುವುದೂ ಮಾರುವುದೂ ಹೊಸತಲ್ಲ. ನಗರದ ಹೊರವಲಯದ ಸಂಗನಕಲ್ಲು–ಕಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ಜನರು ಕರಿಯ ಡಾಲರೈಟ್ ಶಿಲೆಯನ್ನು ಒಡೆದು, ಕೆತ್ತಿ, ಉಜ್ಜಿ ಕೊಡಲಿಗಳನ್ನು ಮಾಡುತ್ತಿದ್ದ ಕಾರ್ಯಾಗಾರವೇ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅದನ್ನು ಗುರುತಿಸಿದರು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಅವರು ಉತ್ಖನನ ನಡೆಸಿದರು. ಆ ಬೆಟ್ಟಗಳಲ್ಲಿ ದೊರೆತ ಕೊಡಲಿಗಳನ್ನೂ ಇತರ ಅವಶೇಷಗಳನ್ನೂ ಬಳ್ಳಾರಿಯ ಸಂಗನಕಲ್ಲು ವಸ್ತುಸಂಗ್ರಹಾಲಯದಲ್ಲಿ ಇಂದು ಯಾರಾದರೂ ನೋಡಬಹುದು. ಒಂದು ಹಳ್ಳಿಯ ಉಪಯೋಗಕ್ಕೆ ಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಡಲಿಗಳು ಅಲ್ಲಿ ಸಿದ್ಧವಾಗುತ್ತಿದ್ದುವು. ಎಂದರೆ ಕೊಳ್ಳುವುದಕ್ಕೋ ವಿನಿಮಯಕ್ಕೋ ಹೊರಗಿನವರು ಬಂದೇ ಬರುತ್ತಿದ್ದರು. ಮೂರು ಸಾವಿರ ವರ್ಷಗಳಿಗೂ ಹಿಂದೆ, ಒಳ್ಳೆಯ ಕೊಡಲಿ ಬೇಕಾದವನಿಗೆ ಬಳ್ಳಾರಿಯಲ್ಲಿ ಎಲ್ಲಿಗೆ ಹೋಗಬೇಕೆಂಬುದು ತಿಳಿದಿತ್ತು. ಇಂದು ಒಳ್ಳೆಯ ಕಂಬಳಿ ಬೇಕಾದವನಿಗೆ ಅದು ತಿಳಿದಿಲ್ಲ.

ಮರುದಿನ ನಾವು ಸಿರುಗುಪ್ಪಕ್ಕೆ ಹೋದೆವು. ವಿಜಯನಗರದ ಅರಸರು ಕಟ್ಟಿಸಿದ ಸಿರುಗುಪ್ಪ, ದೇಶನೂರು ಕಾಲುವೆಗಳ ನೀರನ್ನು ಕುಡಿದು ಶತಮಾನಗಳಿಂದ ಬತ್ತವನ್ನು ಬೆಳೆಯುತ್ತಿರುವ ಸೀಮೆಯದು. ತುಂಗಭದ್ರೆಯ ಅಣೆಕಟ್ಟಾದ ಮೇಲೆ ಆ ಹಸುರು ಇನ್ನಷ್ಟು ವಿಸ್ತಾರವಾಯಿತು. ಬತ್ತವಿದ್ದಲ್ಲಿ ಬಿದಿರಿನ ಕೆಲಸವಿರುವುದು ಸಹಜ: ತೂರುವುದಕ್ಕೆ ಮೊರ, ತುಂಬುವುದಕ್ಕೆ ಪುಟ್ಟಿ, ಗೊಬ್ಬರಕ್ಕೆ ಹೆಡಿಗೆ, ಕಾಳು ಸಂಗ್ರಹಿಸುವುದಕ್ಕೆ ಸಗಣಿ ಸಾರಿಸಿದ ಕಣಜ. ನದಿಯನ್ನು ದಾಟುವುದಕ್ಕೆ ಬಿದಿರಿನದೇ ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ಇದೇ ನದಿಯ ಮೇಲೆ, ತೊಗಲು ಹೊದಿಸಿದ ದುಂಡನೆಯ ಬುಟ್ಟಿಗಳಲ್ಲಿ ಜನರೂ ಕುದುರೆ ಎತ್ತುಗಳೂ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಆ ಆಕಾರ ಇಂದಿಗೂ ಬದಲಾಗಿಲ್ಲ. ತೊಗಲು ಹೋಗಿ ಟಾರು ಬಳಿದ ಹಾಳೆ ಬಂದಿದೆ, ಅಷ್ಟೆ.

ಊರಿನ ಒಂದು ಅಂಚಿನಲ್ಲಿ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಬಿದಿರನ್ನು ಸೀಳುತ್ತಿದ್ದ ಹೆಂಗಸನ್ನು ನಾವು ಕಂಡೆವು. ಕಾಲಿನ ಹೆಬ್ಬೆರಳಿನಿಂದ ಒಂದು ತುದಿಯನ್ನು ಒತ್ತಿ ಹಿಡಿದು, ಕತ್ತಿಯನ್ನು ಎದೆಯ ಕಡೆಗೆ ಎಳೆದು, ಹಸುರು ಸಿಪ್ಪೆಯನ್ನು ಒಂದೇ ಸಮನಾದ ದಪ್ಪದಲ್ಲಿ ಬಿಡಿಸುತ್ತಿದ್ದ ಆಕೆಯ ಕೈಗಳನ್ನು ನೋಡುತ್ತ ನಾನು ಬಹಳ ಹೊತ್ತು ನಿಂತೆನು. ಸಿಪ್ಪೆಯ ಸೀಳು ಗಟ್ಟಿ, ಒಳಗಿನ ತಿರುಳಿನದು ಮೆತ್ತಗೆ. ಎಳೆಯುವ ಕಡೆಗೆ ಮೊದಲನೆಯದು, ಮಡಿಸುವ ಕಡೆಗೆ ಎರಡನೆಯದು. ಮೊರ ಬೇಕೆಂದಾಗ ಆಕೆ ತಲೆಯೆತ್ತಿ, ‘ಯಾತಕ್ಕಣ್ಣ, ಮದುವಿಗಾ?’ ಎಂದಳು. ಮನೆಯಲ್ಲಿ ಅಕ್ಕಿ ಕೇರುವುದಕ್ಕೆ ಎಂದೆ. ಆಕೆ ನನ್ನನ್ನು ನಂಬಲಿಲ್ಲವೆಂದು ತೋರುತ್ತದೆ. ‘ಈಗ ಕಣಾನೇ ಇಲ್ಲಣ್ಣ, ಮೊರ ಯಾರಿಗೆ ಬೇಕು? ಮಿಷನ್ ಬಂದು ಹೊಲದಾಗೇ ಎಲ್ಲಾ ಮುಗಿಸಿ ಹೋಗ್ತತಿ.’

ಈ ಮಾತಿನಲ್ಲಿ ಒಂದು ವೃತ್ತಿಯ ಚರಿತ್ರೆಯೇ ಅಡಗಿದೆ. ಪ್ಲಾಸ್ಟಿಕ್ ಬುಟ್ಟಿ ಬಂದು ಬಿದಿರಿನ ಬುಟ್ಟಿಯನ್ನು ಕೊಂದಿತೆಂದು ನಾವು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ಅದು ಅರ್ಧ ಸತ್ಯ. ಕಣವೇ ಇಲ್ಲವಾದಾಗ, ಕೊಯ್ಲಿನ ಯಂತ್ರವು ಒಕ್ಕಣೆಯನ್ನೂ ತೂರುವಿಕೆಯನ್ನೂ ಹೊಲದಲ್ಲಿಯೇ ಮುಗಿಸಿ ಬತ್ತವು ನೇರವಾಗಿ ಅಕ್ಕಿ ಗಿರಣಿಗೆ ಹೋಗತೊಡಗಿದಾಗ, ಮೊರವನ್ನು ಕರೆಯುತ್ತಿದ್ದ ಕೆಲಸವೇ ಇಲ್ಲವಾಯಿತು. ಹಾಗಾದ ಮೇಲೆ ಆ ವಸ್ತುವಿಗೆ ಮತ್ತೊಂದು ಕೆಲಸವನ್ನು ನಾವು ಕೊಡಬೇಕು. ನನ್ನ ಮನೆಯಲ್ಲಿ ಬಿದಿರಿನ ಪುಟ್ಟಿಯೊಂದರಲ್ಲಿ ಈಗ ಈರುಳ್ಳಿಯಿದೆ. ಗಾಳಿಯಾಡುವ ಆ ಹೆಣಿಗೆಯಲ್ಲಿ ಅದು ಪ್ಲಾಸ್ಟಿಕ್ಕಿನೊಳಗೆ ಕೊಳೆಯುವಂತೆ ಕೊಳೆಯುವುದಿಲ್ಲ. ಮೊರದಲ್ಲಿ ಹಪ್ಪಳ ಸಂಡಿಗೆ ಒಣಗುತ್ತವೆ. ಇವು ಅಲಂಕಾರದ ವಸ್ತುಗಳಾಗಿ ಗೋಡೆಯನ್ನೇರಿದರೆ ಒಂದೇ ಸಲ ಕೊಳ್ಳುತ್ತೇವೆ. ಅಡಿಗೆಮನೆಯನ್ನು ಸೇರಿದರೆ ಸವೆಯುತ್ತವೆ, ಸವೆದುದರಿಂದ ಮತ್ತೆ ಕೊಳ್ಳುತ್ತೇವೆ. ಮಾಡುವವರ ಹೊಟ್ಟೆ ತುಂಬುವುದು ಈ ಎರಡನೆಯ ಬಗೆಯ ಕೊಳ್ಳುವಿಕೆಯಿಂದ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪಿತವಾದಾಗ ಅದರ ನೇತೃತ್ವವನ್ನು ವಹಿಸಿಕೊಂಡವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. ಕರಕುಶಲವು ನಿತ್ಯಜೀವನದ ಅಂಗವಾಗಿ ಉಳಿಯಬೇಕೆಂಬುದಕ್ಕೆ ಅವರು ಆಯುಷ್ಯವನ್ನೇ ತೆತ್ತರು. ಅವರ ಜನ್ಮಭೂಮಿಯವರಾದ ನಾವು ಆ ಪಾಠವನ್ನು ಇನ್ನೂ ಪೂರ್ತಿಯಾಗಿ ಕಲಿತಿಲ್ಲ.

ಕುರುಗೋಡಿಗೆ ನಾನು ಒಬ್ಬನೇ ಹೋದುದು, ಸೋದರಳಿಯನು ಹಿಂದಿರುಗಿದ ಮೇಲೆ. ಬೆಟ್ಟಗಳ ಮಡಿಲಿನಲ್ಲಿರುವ ಆ ಊರು ಹನ್ನೆರಡನೆಯ ಶತಮಾನದಲ್ಲಿ ಸಿಂದ ವಂಶದ ಅರಸರ ರಾಜಧಾನಿಯಾಗಿತ್ತು. ಚಾಲುಕ್ಯ ಶೈಲಿಯ ಹಳೆಯ ಗುಡಿಗಳು ಅಲ್ಲಲ್ಲಿ ನಿಂತಿವೆ. ಎಲ್ಲಕ್ಕಿಂತ ಪ್ರಸಿದ್ಧವಾದುದು ದೊಡ್ಡಬಸವೇಶ್ವರನ ಗುಡಿ. ಬೇರೆ ಕಡೆಗಳಲ್ಲಿ ಲಿಂಗದ ಎದುರಿಗೆ ವಿನಯದಿಂದ ಕುಳಿತಿರುವ ನಂದಿಯು ಇಲ್ಲಿ ತಾನೇ ಗರ್ಭಗುಡಿಯ ದೈವವಾಗಿ, ಏಕಶಿಲೆಯ ಬೃಹದಾಕಾರದಲ್ಲಿ ಕುಳಿತಿದ್ದಾನೆ. ಆ ಕಲ್ಲಿನ ಕೆಲಸವನ್ನು ಮಾಡಿದ ಕೈಗಳ ಹೆಸರು ನಮಗೆ ತಿಳಿಯದು. ಆದರೆ ಯಾರೋ ಬೇಡಿದರು, ಯಾರೋ ಅದಕ್ಕೆ ತಕ್ಕ ಅನ್ನ ಹೊನ್ನುಗಳನ್ನು ಕೊಟ್ಟರು, ಆದುದರಿಂದ ಅದು ಇದೆ.

ಆ ವೃದ್ಧ ನೇಕಾರರ ಹಳ್ಳಿಯನ್ನು ಕೇಳಿಕೊಂಡು ಹೋದಾಗ ಮಧ್ಯಾಹ್ನವಾಗಿತ್ತು. ‘ತಾತ, ಕಂಬಳಿ ಬೇಕಾಗಿತ್ತು’ ಎಂದಾಗ ಅವರು ನನ್ನ ಗುರುತು ಹಿಡಿದು, ಒಳಗಿನಿಂದ ಎರಡು ಕಂಬಳಿಗಳನ್ನು ತಂದು ಕಟ್ಟೆಯ ಮೇಲೆ ಹರಡಿದರು. ಕರಿಯ ಕುರಿಯ ಉಣ್ಣೆಗೆ ಬಣ್ಣ ಹಾಕಿರಲಿಲ್ಲ. ಆ ಕಪ್ಪು ಕುರಿಯದೇ ಕಪ್ಪು, ಬಿಸಿಲಿನಲ್ಲಿ ಅದರೊಳಗೆ ಕಂದುಬಣ್ಣದ ಛಾಯೆ ಆಡುತ್ತಿತ್ತು. ಮೂಗಿನ ಹತ್ತಿರ ಹಿಡಿದರೆ ಕುರಿಹಟ್ಟಿಯ ವಾಸನೆ. ನಮ್ಮ ಸೀಮೆಯ ಹೆಸರನ್ನೇ ಹೊತ್ತಿರುವ ಬಳ್ಳಾರಿ ತಳಿಯ ಕುರಿಯ ಉಣ್ಣೆ ಒರಟು. ಕಾಶ್ಮೀರದ ಮೃದುತ್ವವನ್ನು ಅದರಲ್ಲಿ ಹುಡುಕತಕ್ಕದ್ದಲ್ಲ. ಆದರೆ ಮಳೆಯಲ್ಲಿ ಕೊಪ್ಪೆಯಾಗಿ ತಲೆಯ ಮೇಲೆ ಹಾಕಿಕೊಂಡ ಕುರಿಗಾಹಿಯನ್ನು ಕೇಳಿದರೆ ಆ ಒರಟುತನದ ಗುಣವನ್ನು ಹೇಳಿಯಾನು: ಹನಿ ಮೇಲಿನಿಂದಲೇ ಜಾರಿಹೋಗುತ್ತದೆ, ಒಳಗೆ ಬೆಚ್ಚಗಿರುತ್ತದೆ, ರಾತ್ರಿ ಹಾಸಿ ಮಲಗಿದರೆ ನೆಲದ ಶೀತ ಏರುವುದಿಲ್ಲ. ಮನೆಯ ಮಂಗಳಕಾರ್ಯಗಳಲ್ಲಿ ಕಂಬಳಿಯನ್ನು ಹಾಸಿ ಗದ್ದುಗೆ ಮಾಡಿ ಅದರ ಮೇಲೆ ದೇವರನ್ನು ಸ್ಥಾಪಿಸುವ ಪದ್ಧತಿ ಈ ಭಾಗದ ಅನೇಕ ಮನೆತನಗಳಲ್ಲಿ ಇಂದಿಗೂ ಉಂಟು.

ಅವರು ಕೆಲಸದ ಕ್ರಮವನ್ನು ಹೇಳಿದರು. ಉಣ್ಣೆಯನ್ನು ಕತ್ತರಿಸಿ ತಂದು, ತೊಳೆದು, ಬಿಲ್ಲಿನಿಂದ ಹಿಂಜಿ, ಹೆಂಗಸರು ನೂತು ಕೊಟ್ಟ ಮೇಲೆ ಹಾಸನ್ನು ಹೂಡಬೇಕು. ಹುಣಸೆಬೀಜವನ್ನು ಅರೆದು ಕಾಯಿಸಿದ ಸರಿಯನ್ನು ಹಾಸಿನ ಮೇಲೆ ಬಳಿದು ಬಿಸಿಲಿನಲ್ಲಿ ಒಣಗಿಸಿದರೆ ಒರಟು ನೂಲು ಬಿಗಿಯಾಗಿ, ಮಗ್ಗದ ಎಳೆತವನ್ನು ತಾಳುತ್ತದೆ. ಆಮೇಲೆ ಕುಣಿಯ ಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ನೆಯ್ಯುವುದು. ಒಂದು ಕಂಬಳಿಗೆ ಎಷ್ಟು ದಿನವೆಂದು ಕೇಳಿದೆನು. ‘ನನ್ನ ಕೈ ನಾಕು ದಿನ ಹಿಡೀತೈತಿ, ಸರ’ ಎಂದರು. ಬಾಗಿಲಿನಲ್ಲಿ ಕುಳಿತಿದ್ದ ಹೆಂಡತಿಯ ಕಡೆಗೆ ನೋಡಿ ಸ್ವಲ್ಪ ಹೊತ್ತಿನ ಮೇಲೆ, ‘ಆಕೀ ನೂತಿದ್ದು ಲೆಕ್ಕ ಹಾಕಿಲ್ಲ’ ಎಂದು ಸೇರಿಸಿದರು.

ಆ ಲೆಕ್ಕ ಹಾಕದ ದಿನಗಳ ಮೇಲೆಯೇ ನಾವು ಚೌಕಾಸಿ ಮಾಡುತ್ತೇವೆ. ಮಾಲ್‌ಗಳ ಗಾಜಿನ ಬಾಗಿಲಿನೊಳಗೆ ಹೋಗಿ ಚೀಟಿಯ ಮೇಲಿನ ಬೆಲೆಯನ್ನು ಮರುಮಾತಿಲ್ಲದೆ ತೆರುವ ನಾವು, ಜಾತ್ರೆಯಲ್ಲಿ ನೆಲದ ಮೇಲೆ ಸಾಮಾನು ಹರಡಿ ಕುಳಿತವರೊಡನೆ ಹತ್ತು ರೂಪಾಯಿಗೆ ಹತ್ತು ನಿಮಿಷ ವಾದಿಸುವುದನ್ನು ಜಾಣತನವೆಂದು ಭಾವಿಸಿದ್ದೇವೆ. ಇನ್ನು ಕೆಲವರು ಕನಿಕರದಿಂದ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟು, ವಸ್ತುವನ್ನು ಸರಿಯಾಗಿ ನೋಡದೆಯೇ ಎತ್ತಿಕೊಂಡು ಹೋಗುತ್ತಾರೆ. ನನಗೆ ಅದೂ ಸರಿಕಾಣದು. ಶರಣರ ಕಥೆಗಳಲ್ಲಿ ನುಲಿಯ ಚಂದಯ್ಯನ ಪ್ರಸಂಗವೊಂದಿದೆ. ಹುಲ್ಲನ್ನು ಹೊಸೆದು ಹಗ್ಗ ಮಾಡಿ ಮಾರಿ ದಾಸೋಹ ನಡೆಸುತ್ತಿದ್ದ ಆತನ ಹಗ್ಗವನ್ನು ಮಾರಲು ಒಮ್ಮೆ ಲಿಂಗವೇ ಹೋಗಿ, ಬಸವಣ್ಣನವರಿಂದ ಸಾವಿರ ಹೊನ್ನನ್ನು ತಂದಾಗ, ಚಂದಯ್ಯನು ಅದನ್ನು ಒಪ್ಪಲಿಲ್ಲವಂತೆ. ಹಗ್ಗಕ್ಕೆ ಸಲ್ಲತಕ್ಕ ಬೆಲೆ ಮಾತ್ರ ತನಗೆ ಬೇಕೆಂದನಂತೆ. ಕಾಯಕದ ಘನತೆಯನ್ನು ಬಲ್ಲವನಿಗೆ ಕಡಿಮೆ ಬೆಲೆಯಂತೆಯೇ ಕರುಣೆಯ ಬೆಲೆಯೂ ಅವಮಾನ. ಕೊಳ್ಳುವವನು ವಸ್ತುವನ್ನು ಮುಟ್ಟಿ ನೋಡಬೇಕು, ಬಿಗಿಯೇ ಸಡಿಲವೇ ಎಂದು ಪರೀಕ್ಷಿಸಬೇಕು, ದೋಷವಿದ್ದರೆ ಹೇಳಬೇಕು, ಗುಣವಿದ್ದರೆ ಕೇಳಿದ ಬೆಲೆಯನ್ನು ಕೊಡಬೇಕು. ದೂರದ ಪಾಣಿಪತ್ತಿನ ಯಂತ್ರಗಳಿಂದ ಬರುವ ಅಗ್ಗದ ಹೊದಿಕೆಗೂ ಈ ಕೈನೆಯ್ಗೆಗೂ ಇರುವ ಭೇದವನ್ನು ಬೆರಳಿನಿಂದ ತಿಳಿಯಬಲ್ಲ ಗಿರಾಕಿಗಳು ನೂರು ಮಂದಿ ಒಂದು ಊರಿನಲ್ಲಿದ್ದರೆ, ಆ ಊರಿನಲ್ಲಿ ನೇಕಾರನು ಉಳಿಯುತ್ತಾನೆ.

ಕೊಳ್ಳಬಾರದ ವಸ್ತುಗಳೂ ಇವೆ. ತೊಗಲುಗೊಂಬೆಯಾಟದ ವಿಷಯದಲ್ಲಿ ನಾನು ಇದನ್ನು ಒತ್ತಿ ಹೇಳಬೇಕಾಗಿದೆ. ಬಳ್ಳಾರಿ, ಕೊಪ್ಪಳ ಸೀಮೆಗಳಲ್ಲಿ ಶಿಳ್ಳೇಕ್ಯಾತ ಮನೆತನದವರು ಆಡಿನ ತೊಗಲನ್ನು ಹೆರೆದು, ಬೆಳಕು ಹಾಯುವಷ್ಟು ತೆಳುವಾಗಿಸಿ, ಉಳಿಯಿಂದ ರಂಧ್ರಗಳನ್ನು ಕೊರೆದು, ಬಣ್ಣ ಹಾಕಿ ರಾಮಾಯಣ ಭಾರತಗಳ ಪಾತ್ರಗಳನ್ನು ಸೃಷ್ಟಿಸುತ್ತ ಬಂದವರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆತಾಗ ಇಡೀ ನಾಡು ಸಂತೋಷಪಟ್ಟಿತು. ಬಳ್ಳಾರಿ ನಗರದಲ್ಲಿ ಬೆಳಗಲ್ಲು ವೀರಣ್ಣನವರು, ಮೂಲತಃ ರಂಗನಟರಾಗಿದ್ದು ಈ ಕಲೆಯನ್ನು ಕೈಗೆತ್ತಿಕೊಂಡು, ಪುರಾಣದ ಪಾತ್ರಗಳ ಪಕ್ಕದಲ್ಲಿ ಗಾಂಧೀಜಿಯನ್ನೂ ಸ್ವಾತಂತ್ರ್ಯಸಂಗ್ರಾಮದ ವೀರರನ್ನೂ ಪರದೆಯ ಮೇಲೆ ತಂದು, ಹೊರದೇಶಗಳಿಗೂ ಕೊಂಡೊಯ್ದು, 2023ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಆ ಸುದ್ದಿ ಬಂದ ದಿನ ಈ ಊರಿಗೆ ಕವಿದ ಮ್ಲಾನತೆ ನನಗೆ ನೆನಪಿದೆ.

ಹಳೆಯ ಗೊಂಬೆಗೆ ಹೊರಗಿನ ಸಂಗ್ರಾಹಕರು ಒಳ್ಳೆಯ ಬೆಲೆಯನ್ನು ಕೊಡುತ್ತಾರೆ. ಬರಗಾಲದಲ್ಲಿಯೋ ಮಗಳ ಮದುವೆಯಲ್ಲಿಯೋ ಕೈಬಿಟ್ಟ ಒಂದು ದಶಶಿರ ರಾವಣ, ಒಂದು ಮೇಳಕ್ಕೆ ಲಂಕಾಕಾಂಡವನ್ನೇ ಇಲ್ಲವಾಗಿಸುತ್ತದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗಾಗಿ ಎಂ. ಎಸ್. ನಂಜುಂಡರಾಯರು ಸಂಗ್ರಹಿಸಿದಂತಹ ಗೊಂಬೆಗಳು ಸಾರ್ವಜನಿಕ ಸಂಗ್ರಹಾಲಯದಲ್ಲಿ ಉಳಿದು ಎಲ್ಲರ ಕಣ್ಣಿಗೂ ಸಿಕ್ಕುವುದು ಒಂದು ಮಾತು. ಖಾಸಗಿ ಗೋಡೆಯೊಂದರ ಮೇಲೆ ಗಾಜಿನ ಹಿಂದೆ ಅವು ಕಪ್ಪಾಗಿ ನಿಲ್ಲುವುದು ಬೇರೆ ಮಾತು. ಲಂಬಾಣಿ ಹೆಂಗಸರ ಹಳೆಯ ಲಂಗ ರವಿಕೆಗಳಾದ ಫೇಟಿಯಾ, ಕಾಂಚಳಿಗಳನ್ನು ಕೊಂಡು ತುಂಡುತುಂಡಾಗಿ ಕತ್ತರಿಸಿ ಚೀಲಗಳಿಗೆ ಹೊಲಿದು ಗೋವೆಯ ಕಡಲತೀರದ ಸಂತೆಗಳಲ್ಲಿ ಮಾರುವುದನ್ನೂ ನಾನು ಕಂಡಿದ್ದೇನೆ. ಒಬ್ಬ ತಾಯಿ ಮಗಳಿಗಾಗಿ ತಿಂಗಳುಗಟ್ಟಲೆ ಹೊಲಿದುದು ಅದು. ಹೊಸದನ್ನು ಕೇಳಿರಿ, ಮಾಡಿಸಿಕೊಳ್ಳಿರಿ, ಕಾಯಿರಿ, ಹಳೆಯದನ್ನು ಆಶಿಸಬೇಡಿರಿ. ನೆರೆಯ ಆಂಧ್ರದ ನಿಮ್ಮಲಕುಂಟದ ಕಲಾವಿದರು ಅದೇ ತೊಗಲಿನಿಂದ ದೀಪದ ಮರೆಗಳನ್ನು ಮಾಡುತ್ತಾರೆ. ಕಲೆಯನ್ನು ಅಗ್ಗಮಾಡಿದಂತಾಯಿತೆಂದು ಆಕ್ಷೇಪಿಸುವ ಮಿತ್ರರು ನನಗಿದ್ದಾರೆ. ನನ್ನ ಭಾವನೆ ಬೇರೆ: ತೊಗಲಿನ ಚಿತ್ರ ಬದುಕುವುದು ಅದರ ಹಿಂದೆ ಬೆಳಕಿದ್ದಾಗ, ಗೋಡೆಯ ಚೌಕಟ್ಟಿಗಿಂತ ದೀಪದ ಮರೆಯಲ್ಲಿ ಹನುಮಂತನು ಹೆಚ್ಚು ಹನುಮಂತನಾಗಿರುತ್ತಾನೆ.

ಒಂದು ಜಾಗದಲ್ಲಿ ಕೊಳ್ಳುವ ವ್ಯವಸ್ಥೆಯನ್ನು ನಮ್ಮ ಜಿಲ್ಲೆಯವರೇ ಕಟ್ಟಿ ತೋರಿಸಿದ್ದಾರೆ. ಸಂಡೂರಿನ ತಾಂಡಾಗಳ ಲಂಬಾಣಿ ಹೆಂಗಸರಿಗಾಗಿ 1980ರ ದಶಕದಲ್ಲಿ ಹುಟ್ಟಿದ ಸಂಡೂರು ಕುಶಲ ಕಲಾ ಕೇಂದ್ರವು, ಕನ್ನಡಿ ಕವಡೆಗಳಿಂದ ಹೊಳೆಯುವ ಆ ಕಸೂತಿಯ ಹೊಲಿಗೆಗಳಿಗೆ ದೇಶವಿದೇಶಗಳಲ್ಲಿ ಗಿರಾಕಿಯನ್ನು ಹುಡುಕಿ, 2010ರಲ್ಲಿ ಅದಕ್ಕೆ ಭೌಗೋಳಿಕ ಗುರುತನ್ನೂ ದೊರಕಿಸಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20ರ ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ ಕೈಯ 1755 ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆಯಾಯಿತು. ಇಷ್ಟಾದರೂ, ಆ ಕಸೂತಿಯ ಒಂದು ದಿಂಬಿನ ಹೊದಿಕೆಯನ್ನು ತಮ್ಮ ಮನೆಗಾಗಿ ಕೊಂಡ ಬಳ್ಳಾರಿಯ ಕುಟುಂಬಗಳನ್ನು ನನ್ನ ಪರಿಚಯದಲ್ಲಿ ಬೆರಳಿನಿಂದ ಎಣಿಸಬಹುದು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಹಂಪಿ ಅತ್ತ ಹೋದ ಮೇಲೆ, ಬಳ್ಳಾರಿಗೆ ಪ್ರವಾಸಿಗರಿಲ್ಲ, ಆದಕಾರಣ ಕಲಾವಸ್ತುಗಳಿಗೆ ಗಿರಾಕಿಗಳಿಲ್ಲ ಎಂಬ ಮಾತು ಕೇಳಿಬರುತ್ತಿದೆ. ಪ್ರವಾಸಿಯನ್ನು ನಂಬಿ ಬದುಕುವ ಕಲೆಯ ಗತಿಯನ್ನು ಪ್ರಪಂಚದ ಬೇರೆ ಕಡೆಗಳಲ್ಲಿ ನೋಡಬಹುದು. ಕೆರಿಬಿಯನ್ ದ್ವೀಪಗಳ ಬಂದರುಗಳಲ್ಲಿ, ದೊಡ್ಡ ಹಡಗು ಬಂದು ನಿಲ್ಲುವ ಕೆಲವು ಗಂಟೆಗಳ ವ್ಯಾಪಾರಕ್ಕಾಗಿ, ಪರದೇಶದ ಕಾರ್ಖಾನೆಗಳಲ್ಲಿ ತಯಾರಾಗಿ ದ್ವೀಪದ ಹೆಸರನ್ನು ಮಾತ್ರ ಬರೆಸಿಕೊಂಡ ಸಾಮಾನುಗಳು ಅಂಗಡಿಗಳನ್ನು ತುಂಬಿರುತ್ತವೆ.

ಅದೇ ಸಮುದ್ರದ ಹೈಟಿ ದೇಶದಲ್ಲಿ ನಡೆದ ಮತ್ತೊಂದು ಕಥೆಯಿಂದ ನನಗೆ ಧೈರ್ಯ ಬರುತ್ತದೆ. ರಾಜಧಾನಿ ಪೋರ್ಟ್-ಔ-ಪ್ರಿನ್ಸ್ ನಗರದ ಸಮೀಪದಲ್ಲಿರುವ ಕ್ರ್ವಾ-ದೇ-ಬುಕೇ ಎಂಬ ಊರಿನಲ್ಲಿ ಜಾರ್ಜ್ ಲಿಯೋತೋ ಎಂಬ ಕಮ್ಮಾರನಿದ್ದನು. ಸಮಾಧಿಗಳ ಮೇಲೆ ನಿಲ್ಲಿಸುವ ಕಬ್ಬಿಣದ ಶಿಲುಬೆಗಳನ್ನು ಮಾಡುವುದು ಅವನ ಕೆಲಸಗಳಲ್ಲೊಂದು. 1944ರಲ್ಲಿ ಆ ನಗರದಲ್ಲಿ ಕಲಾಕೇಂದ್ರವನ್ನು ಸ್ಥಾಪಿಸಿದ ಡಿವಿಟ್ ಪೀಟರ್ಸ್ ಎಂಬ ಅಮೆರಿಕದ ಚಿತ್ರಕಾರನು ಆ ಶಿಲುಬೆಗಳನ್ನು ಕಂಡು, ಮಾಡಿದವನು ಯಾರೆಂದು ವಿಚಾರಿಸಿಕೊಂಡು ಅವನ ಮನೆಯ ಬಾಗಿಲಿಗೆ ಹೋದನು. ಎಣ್ಣೆಯ ಹಳೆಯ ಪೀಪಾಯಿಗಳನ್ನು ಸೀಳಿ, ಚಪ್ಪಟೆಯಾಗಿ ಬಡಿದು, ಉಳಿ ಸುತ್ತಿಗೆಗಳಿಂದ ಕತ್ತರಿಸಿ ಮಾಡುವ ಶಿಲ್ಪದ ವಿದ್ಯೆ ಆ ಕಮ್ಮಾರನಿಂದ ನೆರೆಯವರಿಗೆ, ಅವರಿಂದ ಮುಂದಿನವರಿಗೆ ಹರಡಿ, ಇಡೀ ಊರಿಗೆ ಜೀವನೋಪಾಯವಾಯಿತು. ಲೋಹದ ಅದಿರನ್ನು ಬೆಟ್ಟಗಳಿಂದ ಅಗೆದು ಹೊರಗೆ ಕಳುಹಿಸುವ ಜಿಲ್ಲೆಯವರಾದ ನಮಗೆ, ಎಸೆದ ತಗಡಿನಿಂದ ಒಂದು ಊರು ಬದುಕಿದ ಈ ಸಂಗತಿ ಯೋಚನೆಗೆ ಯೋಗ್ಯವಾದುದು. ಅಲ್ಲಿ ಆದ ಮೊದಲ ಕೆಲಸ, ಒಬ್ಬನು ವಸ್ತುವನ್ನು ನೋಡಿ ಮಾಡಿದವನ ಮನೆಯನ್ನು ಹುಡುಕಿಕೊಂಡು ಹೋದದ್ದು.

ಇನ್ನು ನಾನು ಸೂಚಿಸಬಯಸುವುದು ಏನೆಂದರೆ, ಬಳ್ಳಾರಿ ನಗರದ ಮಧ್ಯದಲ್ಲಿ, ಬಸ್ಸಿಳಿದವನು ನಡೆದು ಹೋಗುವಷ್ಟು ಹತ್ತಿರದಲ್ಲಿ, ಕುರುಗೋಡು ಕಡೆಯ ಕಂಬಳಿ, ಸಿರುಗುಪ್ಪದ ಬಿದಿರು, ಸಂಡೂರಿನ ಕಸೂತಿ, ಹೊಸದಾಗಿ ಮಾಡಿದ ತೊಗಲಿನ ಗೊಂಬೆ ಇವೆಲ್ಲವೂ ಮಾಡಿದವರ ಹೆಸರು ಊರುಗಳೊಡನೆ ನಿಶ್ಚಿತ ಬೆಲೆಗೆ ದೊರೆಯುವ ಒಂದು ಮನೆ ಬೇಕು. ಬೆಂಗಳೂರಿನಲ್ಲಿ ಸರ್ಕಾರದ ಕರಕುಶಲ ಮಳಿಗೆಯಾದ ‘ಕಾವೇರಿ’ ಇದೆ. ನಮ್ಮ ವಸ್ತುವನ್ನು ಕೊಳ್ಳಲು ನಾವು ಅಲ್ಲಿಗೆ ಹೋಗಬೇಕಾಗಿರುವುದು ನ್ಯಾಯವಲ್ಲ. ಗಣಿ ಕಾಯಿದೆಯ 2015ರ ತಿದ್ದುಪಡಿಯಂತೆ ಸ್ಥಾಪಿತವಾದ ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ ಗಣಿಗಾರಿಕೆಯಿಂದ ಬಾಧಿತರಾದವರ ಹಿತಕ್ಕೆಂದು ಹಣವಿದೆ. ಗಣಿಯ ಬೆಟ್ಟಗಳ ಬುಡದ ತಾಂಡಾಗಳ ಹೆಂಗಸರ ಸೂಜಿಗೆ ಅದರ ಅತ್ಯಲ್ಪ ಅಂಶ ಸಂದರೂ ಸಾಕು. ಸರ್ಕಾರಕ್ಕೆ ಸಂಬಂಧಿಸಿದ ಮಾತು ಇಷ್ಟೇ.

ಎರಡನೆಯ ಸೂಚನೆ ಯಾರ ಅಪ್ಪಣೆಗೂ ಕಾಯಬೇಕಾದುದಲ್ಲ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಎಷ್ಟು ಸನ್ಮಾನಗಳಾಗುತ್ತವೆ! ನಿವೃತ್ತಿಯಾದ ಉಪಾಧ್ಯಾಯರಿಗೆ, ವರ್ಗವಾದ ಅಧಿಕಾರಿಗೆ, ಗೆದ್ದ ಪ್ರತಿನಿಧಿಗೆ, ನಾಟಕದ ಕಲಾವಿದರಿಗೆ, ಉತ್ತೀರ್ಣರಾದ ಮಕ್ಕಳಿಗೆ. ಪ್ರತಿಯೊಂದರಲ್ಲಿಯೂ ಒಂದು ಶಾಲು, ಒಂದು ಸ್ಮರಣಿಕೆ. ಆ ಶಾಲುಗಳು ಬೀರುವಿನಲ್ಲಿ ಮಡಿಸಿಟ್ಟಂತೆಯೇ ಇದ್ದು, ಮತ್ತೊಂದು ಸನ್ಮಾನದಲ್ಲಿ ಮತ್ತೊಬ್ಬರ ಹೆಗಲನ್ನೇರುವುದನ್ನು ನಾವೆಲ್ಲರೂ ಬಲ್ಲೆವು. ಆ ಸ್ಥಾನಕ್ಕೆ ಕರಿಯ ಕಂಬಳಿ ಬರಲಿ. ಕಂಬಳಿ ಹೊದಿಸಿ ಗೌರವಿಸುವ ಪದ್ಧತಿ ಕೆಲವು ಸಭೆಗಳಲ್ಲಿ ಈಗಾಗಲೇ ಇದೆ. ಅದು ಎಲ್ಲರ ಪದ್ಧತಿಯಾಗಲಿ. ಹಣ್ಣುಗಳನ್ನು ಪ್ಲಾಸ್ಟಿಕ್ ತಟ್ಟೆಯ ಬದಲು ಸಿರುಗುಪ್ಪದ ಬಿದಿರಿನ ಪುಟ್ಟಿಯಲ್ಲಿ ಕೊಡೋಣ. ಗಾಜಿನ ಸ್ಮರಣಿಕೆಯ ಸ್ಥಳದಲ್ಲಿ ಅಂಗೈಯಗಲದ ಒಂದು ತೊಗಲಿನ ಹಕ್ಕಿಯಿರಲಿ. ವೆಚ್ಚ ಸ್ವಲ್ಪ ಹೆಚ್ಚಾದೀತು. ಸನ್ಮಾನಿತರ ಸಂಖ್ಯೆಯನ್ನು ಕಡಿಮೆ ಮಾಡಿಕೊಳ್ಳಬಹುದು, ಅದರಿಂದ ಸನ್ಮಾನದ ಬೆಲೆಯೂ ಏರುತ್ತದೆ.

ನಾವು ಕೆಲವರು ತಿಂಗಳಿಗೊಮ್ಮೆ ಸೇರಿ ಪುಸ್ತಕಗಳನ್ನೋದುವ ಸಣ್ಣ ಬಳಗವೊಂದಿದೆ. ವರ್ಷಕ್ಕೊಮ್ಮೆ ನಾಲ್ವರು ಹಿರಿಯರನ್ನು ಗೌರವಿಸುತ್ತೇವೆ. ಈ ಸಲ ನಾಲ್ಕು ಕಂಬಳಿಗಳನ್ನು ಹೇಳಿ ಬರುವುದಕ್ಕಾಗಿ ಕಳೆದ ವಾರ ಮತ್ತೆ ಆ ಹಳ್ಳಿಗೆ ಹೋಗಿ, ಶ್ರಾವಣದಲ್ಲಿ ಸಭೆಯಿದೆ, ಅಷ್ಟರೊಳಗೆ ಆದೀತೇ ಎಂದು ಕೇಳಿದೆನು. ವೃದ್ಧರು ಸ್ವಲ್ಪ ಹೊತ್ತು ಯೋಚಿಸಿ ತಲೆಯಾಡಿಸಿದರು. ಕೈಯಲ್ಲಿರುವ ಉಣ್ಣೆ ಎರಡಕ್ಕೆ ಸಾಲದು, ಬೇರೆ ಕಡೆಯ ನೂಲನ್ನು ಬೆರೆಸಿ ನೆಯ್ದು ಕೊಡುವುದು ತಮ್ಮಿಂದಾಗದು ಎಂದರು. ‘ಮಳಿ ಮುಗೀಲಿ ಸರ, ಕುರಿ ಕತ್ತರಸ್ತಾರ. ಆಮ್ಯಾಲೆ ಆಕೀ ನೂಲಬೇಕು. ದೀಪಾವಳಿ ಆದಮ್ಯಾಲೆ ಬರ್ರಿ.’ ಈ ಸಲ ಎರಡು ದರವನ್ನು ಹೇಳಿದರು: ನೆಯ್ದುದಕ್ಕೆ ಒಂದು, ನೂತುದಕ್ಕೆ ಒಂದು. ಎರಡನ್ನೂ ನನ್ನ ಪುಸ್ತಕದಲ್ಲಿ ಬರೆದುಕೊಂಡು, ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟು ಬಂದೆನು. ಬಳಗದ ಸಭೆಯನ್ನು ಕಾರ್ತಿಕಕ್ಕೆ ಮುಂದೂಡಿದ್ದೇವೆ.